ಕೋಬಾಲಕ್ಕ ಹೇಳದೆ ಬಿಟ್ಟ ಏಳು

"ಆಸ್ತಿಗೆ ಹೊಡೆದಾಡಿದ್ದರೆ ನಾವೇ ಕೂತು ಪಂಚಾಯಿತಿ ಮಾಡುತ್ತಿದ್ದೆವು. ಇವರದ್ದು ಯಾವ ಲೋಕದ ಜಗಳವೋ" ಎಂದು ಅಕ್ಕಪಕ್ಕದವರು ಹೇಳುತ್ತಿದ್ದರು.

ಜಗಳ ಅಕ್ಕತಮ್ಮನದು. ಇಬ್ಬರಿಗೂ ಒಂದೇ ಬ್ಯಾಂಕು, ಒಂದೇ ಮನೆ. ಮಹಡಿಯ ಕೋಣೆ ಅಕ್ಕನದು, ಕೆಳಗೆ ತಮ್ಮ ಮತ್ತು ಅವನ ಹೆಂಡತಿ. ಬ್ಯಾಂಕಿನ ಕಂಪ್ಯೂಟರುಗಳಿಗೆ ಮೂವತ್ತೊಂದು ವರ್ಷ ಕೋಬಾಲ್ ಎಂಬ ಹಳೆಯ ಭಾಷೆಯಲ್ಲಿ ಪ್ರೋಗ್ರಾಂ ಬರೆದವಳು ಅಕ್ಕ. ಬೀದಿಗೆಲ್ಲ ಅವಳು ಕೋಬಾಲಕ್ಕ. ಆ ಪ್ರೋಗ್ರಾಮುಗಳನ್ನೆಲ್ಲ ಜಾವಾ ಎಂಬ ಹೊಸ ಭಾಷೆಯಲ್ಲಿ ಬರೆಸಲು ಬ್ಯಾಂಕು ಮುಖ್ಯಸ್ಥನನ್ನಾಗಿ ಮಾಡಿದ್ದು ತಮ್ಮನನ್ನೇ. ಅವನ ಕೆಲಸ ಮುಗಿದ ದಿನ ಇವಳ ವಿಭಾಗಕ್ಕೆ ಬೀಗ. ಹೀಗಿರುವಾಗ ಊಟ ಎಲ್ಲಿಂದ ಮೈಗೆ ಹತ್ತಬೇಕು?

"ನಿನ್ನ ಭಾಷೆ ಓದೋಕೆ ಬರೋರು ಬ್ಯಾಂಕಲ್ಲಿ ಮೂರು ಜನ ಅಕ್ಕ. ಅದ್ರಲ್ಲಿ ಇಬ್ಬರಿಗೆ ಕಣ್ಣಿನ ಆಪರೇಷನ್ ಆಗಿದೆ."

"ಮೂವತ್ತು ವರ್ಷ ಒಂದು ದಿನ ನಿಂತಿಲ್ಲ ಅದು. ನಿನ್ನ ಜಾವಾ ಈ ತಿಂಗಳು ಎಷ್ಟು ಸಲ ಮಲಗ್ತು?"

"ಪರೀಕ್ಷೆ ಮಾಡ್ವಾಗ ಮಲಗತ್ತೆ. ಅದಕ್ಕೇ ಪರೀಕ್ಷೆ ಮಾಡೋದು."

"ದುಡ್ಡು ನೋಡ್ಕೊಳ್ಳೋ ಭಾಷೆ ಅಲ್ಲ ಅದು ಅನ್ನು."

"ನಿಂದು ಸತ್ತು ಎಷ್ಟೋ ದಿನ ಆಯ್ತು. ಹೂಳೋಕೆ ನಿಂಗೆ ಮನಸ್ಸಿಲ್ಲ, ಅಷ್ಟೇ."

ತಮ್ಮನ ಹೆಂಡತಿ ಇಬ್ಬರ ತಟ್ಟೆಗೂ ಬಡಿಸುತ್ತಾ, "ಯಂತ್ರದ ಹತ್ರ ಮಾತಾಡೋದು ಇಬ್ರಿಗೂ ಬರತ್ತೆ. ಮನುಷ್ಯರ ಹತ್ರ ಮಾತ್ರ ಬರಲ್ಲ" ಎಂದಳು. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಕೋಬಾಲಕ್ಕನ ಪ್ರೋಗ್ರಾಮಿನಲ್ಲಿ ಪ್ರತಿ ಖಾತೆಗೂ ಒಂದು ಗುರುತಿನ ಅಂಕಿ. ಒಂದರಿಂದ ಆರರವರೆಗೆ ಕೈಪಿಡಿಯಲ್ಲಿ ವಿವರಣೆ ಇತ್ತು, ಏಳಕ್ಕೆ ಇರಲಿಲ್ಲ. ಜಂಟಿ ಖಾತೆಯಲ್ಲಿ ಒಬ್ಬರು ತೀರಿಕೊಂಡು ಇನ್ನೊಬ್ಬರು ನಡೆಸುತ್ತಿದ್ದರೆ ಏಳು ಹಾಕಿ ಎಂದು ಯಾವುದೋ ಕಾಲದ ಮ್ಯಾನೇಜರು ಕಾರಿಡಾರಿನಲ್ಲಿ ನಿಂತು ಹೇಳಿದ್ದ. ಅವಳು ಹಾಕಿ, ಪಕ್ಕದಲ್ಲಿ "ಮುಟ್ಟಬೇಡಿ" ಎಂದಷ್ಟೇ ಬರೆದಿದ್ದಳು. ಆ ವಿಭಾಗದ ಪದ್ಧತಿಯೇ ಹಾಗೆ. ಕಾರಣ ಬೇಕಾದವರು ಅವಳ ಮೇಜಿನ ಮುಂದೆ ನಿಂತು ಕೇಳಬೇಕು. ಆ ನಿಲ್ಲುವಿಕೆ ಅವಳಿಗೆ ಹಿತವಾಗಿತ್ತು ಎಂಬುದೂ ಸುಳ್ಳಲ್ಲ.

ತಮ್ಮನ ತಂಡದವರು ಯಾರನ್ನೂ ಕೇಳಲಿಲ್ಲ. ಏಳು ಏನೆಂದು ತಿಳಿಯದೆ ಅದನ್ನು ಒಂದರ ಜೊತೆ, ಅಂದರೆ ಇಬ್ಬರೂ ಬದುಕಿರುವ ಮಾಮೂಲಿ ಖಾತೆಗಳ ಜೊತೆ, ಸೇರಿಸಿಬಿಟ್ಟರು. ಒಪ್ಪಿಗೆಗೆಂದು ಕಾಗದಗಳು ಕೋಬಾಲಕ್ಕನ ಮೇಜಿಗೆ ಬಂದಾಗ ಅವಳ ಕಣ್ಣು ಸೀದಾ ಆ ಸಾಲಿಗೇ ಬಿತ್ತು. ಎದ್ದು ಎರಡು ಮೇಜು ದಾಟಿ ಹೇಳಿದ್ದರೆ ಮುಗಿದಿತ್ತು. ಆಗಲಿ, ಜಾವಾದ ಜಂಬ ಒಮ್ಮೆ ಇಳಿಯಲಿ ಎಂದುಕೊಂಡು ಸಹಿ ಹಾಕಿದಳು.

ಹೊಸ ವ್ಯವಸ್ಥೆ ಶುರುವಾದ ಹತ್ತನೆಯ ದಿನ ಎದುರುಮನೆ ಅಜ್ಜಿ ಬ್ಯಾಂಕಿನ ಕಾಗದ ಹಿಡಿದು ಬಂದಳು. ಅವಳ ಗಂಡ ಹೋಗಿ ನಾಲ್ಕು ವರ್ಷವಾಗಿತ್ತು.

"ನಮ್ಮನೆಯವರು ಫೋಟೋ ತಗೊಂಡು ಖುದ್ದಾಗಿ ಬರ್ಬೇಕಂತೆ ಕಣಪ್ಪಾ" ಎಂದಳು ತಮ್ಮನಿಗೆ. "ಅವರು ಬರೋವರೆಗೂ ನಂಗೆ ದುಡ್ಡು ಕೊಡಲ್ವಂತೆ. ಮಾತ್ರೆ ಮುಗಿದು ಎರಡು ದಿನ ಆಯ್ತು. ಎಲ್ಲಿಂದ ಕರ್ಕೊಂಡು ಬರ್ಲಿ ಅವ್ರನ್ನ?"

ತಮ್ಮನ ಮುಖ ಕಪ್ಪಿಟ್ಟಿತು. ಅಂಥ ಕಾಗದ ಆರು ಸಾವಿರ ಮನೆಗೆ ಹೋಗಿತ್ತು. ಮೂರು ದಿನದಿಂದ ಅವನ ತಂಡ ಕಾರಣ ಹುಡುಕಿ ಹುಡುಕಿ ಹಣ್ಣಾಗಿತ್ತು. ಕೋಬಾಲಕ್ಕ ಅಜ್ಜಿಯ ಕೈಯಿಂದ ಕಾಗದ ತೆಗೆದುಕೊಂಡು ಓದಿದಳು.

"ಏಳು" ಎಂದಳು. "ಏಳಂದ್ರೆ ಇಬ್ಬರಲ್ಲಿ ಒಬ್ಬರು ತೀರಿಕೊಂಡಿದ್ದಾರೆ ಅಂತ. ನೀವು ಒಂದಕ್ಕೆ ಸೇರಿಸಿದೀರಿ. ಅದಕ್ಕೇ ಹೋದವ್ರನ್ನೂ ಬದುಕಿದಾರೆ ಅಂತ ಫೋಟೋಗೆ ಕರೀತಿದೆ."

"ನಿಂಗೆ ಯಾವಾಗ ಗೊತ್ತಾಯ್ತು?"

"ಸಹಿ ಹಾಕೋವಾಗ್ಲೇ."

"ಗೊತ್ತಿದ್ದೂ ಹಾಕಿದ್ಯಾ?"

"ನೀನು ಬಂದು ಕೇಳ್ಬೇಕಿತ್ತು."

"ಕೇಳ್ಬೇಕಿತ್ತು, ಒಪ್ಪಿದೆ. ಈಗ ಹೊರಗೆ ಹೋಗಿ ಜಾವಾದಿಂದ ಆಯ್ತು ಅಂತ ಡಂಗೂರ ಹೊಡಿ."

ಕೋಬಾಲಕ್ಕ ಕಾಗದ ಮಡಿಸಿ ಅಜ್ಜಿಗೆ ಕೊಟ್ಟಳು. "ಇಲ್ಲ. ಕೋಬಾಲಲ್ಲೇ ಹೊಸದಾಗಿ ಬರೆಸಿದ್ರೂ ಇದೇ ಆಗ್ತಿತ್ತು."

"ಇಷ್ಟು ವರ್ಷಕ್ಕೆ ಒಂದು ನಿಜ ಹೇಳ್ದೆ. ಅದಕ್ಕೆ ಈ ತಾಯಿ ಮಾತ್ರೆ ನಿಲ್ಬೇಕಾಯ್ತು. ಇನ್ನು ನಿನ್ನ ಜೊತೆ ಒಂದೇ ಸೂರಿನಡಿ ನಾನು ಉಣ್ಣಲ್ಲ."

"ನಾನೇ ಹೋಗ್ತೀನಿ. ಮೊದ್ಲು ಅವ್ರಿಗೆ ಮಾತ್ರೆ ತಂದ್ಕೊಡು."

ಅವನು ಮಾತ್ರೆ ತಂದುಕೊಟ್ಟ. ಸಂಜೆಯೊಳಗೆ ಏಳು ಸರಿಯಾಯಿತು, ಮರುದಿನ ಅಜ್ಜಿಗೆ ಹಣ ಸಿಕ್ಕಿತು. ಆಮೇಲೆ ನಾಲ್ಕು ದಿನ ಆಫೀಸಿನಲ್ಲಿ ಅಕ್ಕತಮ್ಮ ಎದುರುಬದುರು ಕೂತರು. ತನ್ನ ತಲೆಯಲ್ಲಿ ಮಾತ್ರ ಇದ್ದ ನಿಯಮಗಳನ್ನು ಅವಳು ಗೋಡೆ ನೋಡುತ್ತಾ ಹೇಳಿದಳು, ಅವನು ಹಾಳೆ ನೋಡುತ್ತಾ ಬರೆದುಕೊಂಡ.

ಐದನೆಯ ದಿನ ಬೆಳಿಗ್ಗೆ ಅವಳು ಪೆಟ್ಟಿಗೆ ಹಿಡಿದು ಮಹಡಿ ಇಳಿದಳು. ಬಸ್ ನಿಲ್ದಾಣದ ಹಿಂದೆ ಒಂದು ಬಾಡಿಗೆ ಕೋಣೆ ಗೊತ್ತುಮಾಡಿದ್ದಳು. ತಮ್ಮನ ಹೆಂಡತಿ ಇರಿ ಎನ್ನಲಿಲ್ಲ, "ಎಚ್ಚರಿಕೆ ಅತ್ತಿಗೆ, ಹೊರಗೆ ಮೆಟ್ಟಿಲು ಒದ್ದೆ ಇದೆ" ಎಂದಳು. ತಮ್ಮ ಬಾಗಿಲವರೆಗೆ ಬಂದ.

"ಇನ್ನೇನಾದ್ರೂ ಉಳಿದಿದ್ಯಾ?"

"ಫೆಬ್ರವರಿ ಇಪ್ಪತ್ತೊಂಬತ್ತಕ್ಕೆ ಖಾತೆ ತೆರೆದವ್ರು. ಉಳಿದ ವರ್ಷಗಳಲ್ಲಿ ಅವ್ರಿಗೆ ಇಪ್ಪತ್ತೆಂಟಕ್ಕೇ ಬಡ್ಡಿ ಹಾಕು. ಮಾರ್ಚ್ ಒಂದಕ್ಕಲ್ಲ."

ಹಾಳೆ ಸಿಗದೆ ಅವನು ಅಂಗೈ ಮೇಲೆ ಬರೆದುಕೊಂಡ. "ಯಾಕೆ ಹಾಗೆ?"

"ನಂಗೂ ಗೊತ್ತಿಲ್ಲ. ನನಗಿಂತ ಮುಂಚಿನವ್ರು ಹೇಳಿ ಹೋಗ್ಲಿಲ್ಲ."

ಪೆಟ್ಟಿಗೆಯನ್ನು ಎಡಗೈಗೆ ಬದಲಿಸಿಕೊಂಡು ಅವಳು ಮೆಟ್ಟಿಲಿಳಿದು ಬೀದಿಗೆ ಹೊರಟಳು.