ಮೀಸೆ ಮಾವನಿಗೆ ಬಾಯಿ ಬಂದದ್ದು

ನನ್ನ ಅಕ್ಕನಿಗೆ ಕೋಪ ಬಂದರೆ ಪೆನ್ಸಿಲ್ ಚೂಪು ಮಾಡುತ್ತಾಳೆ. ಆ ಮೂರು ವಾರಗಳಲ್ಲಿ ಒಂದು ಡಬ್ಬಿ ಪೆನ್ಸಿಲ್ ಹಾಗೆಯೇ ಸವೆದುಹೋಯಿತು. ಕಾರಣ, ಇಪ್ಪತ್ತು ಸೆಕೆಂಡಿನ ಒಂದು ಚಿಪ್ಸ್ ಜಾಹೀರಾತು.

ಅಕ್ಕ ಕಾರ್ಟೂನುಗಳನ್ನು ಕುಣಿಸುವವಳು. ಎರಡು ಕೋಣೆಯ ನಮ್ಮ ಸ್ಟುಡಿಯೋದಲ್ಲಿ ಚಿತ್ರ ಅವಳದು, ಸದ್ದು ನನ್ನದು. ಪತ್ರಿಕೆಯಲ್ಲಿ ಮೂವತ್ತು ವರ್ಷ ದಿನಾ ಬರುತ್ತಿದ್ದ ಕಾರ್ಟೂನು ‘ಮೀಸೆ ಮಾವ’ನನ್ನೂ ಅವನ ಮೇಕೆಯನ್ನೂ ಚಿಪ್ಸ್ ಕಂಪನಿಯವರು ಜಾಹೀರಾತಿಗೆ ಕೇಳಿ ಪಡೆದು, ಕುಣಿಸುವ ಕೆಲಸ ನಮಗೆ ಕೊಟ್ಟಿದ್ದರು. ಮಾವನಿಗೆ ಮೂಗಿನಿಂದ ಗಲ್ಲದವರೆಗೆ ಬರೀ ಮೀಸೆ. ಬಾಯಿಯನ್ನು ಕಂಡವರೇ ಇಲ್ಲ. ಅವನನ್ನು ಬರೆಯುತ್ತಿದ್ದ ಮೇಷ್ಟರಿಗೆ ಈಗ ಕೈ ನಡುಗುತ್ತದೆ. ಕಣ್ಣು, ನೆನಪು ಎರಡೂ ಚುರುಕಾಗಿವೆ. ಅಕ್ಕ ಗೆರೆ ಎಳೆಯಲು ಕಲಿತದ್ದು ಅವರ ಪಕ್ಕದಲ್ಲಿ ಕೂತು. "ಇವನಿಗೆ ಬಾಯಿ ಮಾತ್ರ ಬರೀಬೇಡ ಕಣಮ್ಮ" ಎಂದು ಅವರು ಕೇಳಿಕೊಂಡಿದ್ದರು, ಅಕ್ಕ ಮಾತು ಕೊಟ್ಟಿದ್ದಳು. ಅದನ್ನು ಕರಾರಿನಲ್ಲಿ ಬರೆಸಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಇಂಥ ವಿಷಯದಲ್ಲಿ ಗುರುವಿಗೆ ತಕ್ಕ ಶಿಷ್ಯೆ.

ಕಂಪನಿಯ ಅಧಿಕಾರಿಗೆ ನಾನಿಟ್ಟ ಹೆಸರು ‘ಇನ್ನೊಂಚೂರು’. ಏನು ಕೇಳಿಸಿದರೂ "ಇನ್ನೊಂಚೂರು ಕುರುಕುರು ಬೇಕು" ಎನ್ನುತ್ತಿದ್ದ. ಅವನ ಕಾಟಕ್ಕೆ ಮೈಕಿನ ಮುಂದೆ ಚಿಪ್ಸ್ ಅಗಿದೂ ಅಗಿದೂ ನನ್ನ ದವಡೆ ಊದಿತು. ಅಕ್ಕ ಕನ್ನಡಿ ಮುಂದೆ ಕೂತು ತಿಂದು, ತನ್ನ ಕೆನ್ನೆ ಹೇಗೆ ಆಡುತ್ತದೆಂದು ನೋಡಿ ನೋಡಿ ಬರೆದಳು. ಚಿಪ್ಸ್ ಮೀಸೆಯೊಳಗೆ ಹೋಗುತ್ತದೆ, ಮೀಸೆ ಎರಡು ಸಲ ಅಲ್ಲಾಡುತ್ತದೆ, ಮೇಕೆ ಹೊಟ್ಟೆ ಉರಿದುಕೊಂಡು ನೋಡುತ್ತದೆ. ನಾನು ಬಿದ್ದು ಬಿದ್ದು ನಕ್ಕೆ.

ಇನ್ನೊಂಚೂರು ನಗಲಿಲ್ಲ. "ಬಾಯೆಲ್ಲಿ ಮೇಡಂ? ತಿನ್ನೋದು ಕಾಣಬೇಕಲ್ಲ?"

"ಅವನಿಗೆ ಬಾಯಿಲ್ಲ," ಎಂದಳು ಅಕ್ಕ.

"ಬಾಯಿಲ್ಲದೋನು ಚಿಪ್ಸ್ ಹೇಗ್ರೀ ತಿಂತಾನೆ?"

"ಮೂವತ್ತು ವರ್ಷ ಉಪವಾಸ ಇದ್ನಾ? ಬೇಕಿದ್ರೆ ಮೇಕೆ ತಿನ್ಲಿ, ಅದಕ್ಕೆ ಬಾಯಿದೆ."

"ಮೇಕೆ ತಿನ್ನೋದನ್ನ ಜನ ತಗೋತಾರಾ?"

ಇದೇ ಜಗಳ ಆರು ಸಲ ನಡೆಯಿತು. ಏಳನೆಯ ಸಲಕ್ಕೆ ಅಕ್ಕನ ತಾಳ್ಮೆ ಕೆಟ್ಟಿತು. "ಒಂದ್ಸಲ ಬರೆದು ತೋರಿಸ್ತೀನಿ. ಎಷ್ಟು ಅಸಹ್ಯವಾಗಿ ಕಾಣುತ್ತೆ ಅಂತ ಗೊತ್ತಾದ್ರೆ ಅವನೇ ಬೇಡ ಅಂತಾನೆ," ಎಂದು ನನಗೆ ಹೇಳಿ ಬಾಗಿಲು ಹಾಕಿಕೊಂಡಳು. ಅವಳು ಎಡವಿದ್ದೇ ಅಲ್ಲಿ. ಬೇಕೆಂದು ಕೆಟ್ಟದಾಗಿ ಬರೆಯುವುದು ಅವಳ ಕೈಗೆ ಗೊತ್ತಿಲ್ಲ. ತುಟಿ ಸೊಟ್ಟಗೆ ಕಂಡರೆ ಅಳಿಸಿ ತಿದ್ದಿದಳು. ಹಲ್ಲು ಜಾಸ್ತಿಯಾಯಿತೆಂದು ಎರಡು ತೆಗೆದಳು. ಎರಡು ದಿನದಲ್ಲಿ ಮೀಸೆಯ ನಡುವೆ ಮುದ್ದಾಗಿ ನಗುವ ಬಾಯಿ ತಯಾರಾಗಿತ್ತು. ನಾನು ತಲೆ ತಲೆ ಚಚ್ಚಿಕೊಂಡೆ.

ಇನ್ನೊಂಚೂರು ಎದ್ದು ನಿಂತು ಚಪ್ಪಾಳೆ ತಟ್ಟಿದ. "ಇದು ತೋರಿಸೋಕೆ ಮಾತ್ರ, ಹಾಕೋಕಲ್ಲ" ಎಂದು ಅಕ್ಕ ಗೋಗರೆದಳು. ಕರಾರಿನ ಪ್ರಕಾರ ನಾವು ತೋರಿಸಿದ್ದೆಲ್ಲ ಅವರದಂತೆ. ಅಂದೇ ಸಂಜೆ ಒಯ್ದುಬಿಟ್ಟ.

ಟಿವಿಯಲ್ಲಿ ಬರುವ ಮೊದಲು ತಾನೇ ತಪ್ಪು ಒಪ್ಪಿಕೊಳ್ಳಬೇಕೆಂದು ಅಕ್ಕ ಮೇಷ್ಟರ ಮನೆಗೆ ಹೊರಟಳು. ಜೊತೆಗೆ ನಾನೂ ಹೋದೆ. ಮೇಷ್ಟರು ಲ್ಯಾಪ್‌ಟಾಪಿನ ಮುಂದೆ ಕೂತು ಎರಡು ಸಲ ನೋಡಿದರು. ಬೈಸಿಕೊಳ್ಳಲು ಸಿದ್ಧವಾಗಿ ಅಕ್ಕ ತಲೆ ತಗ್ಗಿಸಿ ಕೂತಿದ್ದಳು.

"ಗೆರೆ ಚೆನ್ನಾಗಿ ಬಂದಿದೆ," ಎಂದರು. ಶಿಷ್ಯೆಯಾದ ಇಪ್ಪತ್ತಾರು ವರ್ಷದಲ್ಲಿ ಅವರಿಂದ ಅಕ್ಕ ಈ ಮಾತು ಕೇಳಿದ್ದು ಅದೇ ಮೊದಲು.

ಆಮೇಲೆ ಪರದೆಯ ಮೇಲೆ ಬೆರಳಿಟ್ಟು ಕೇಳಿದರು: "ಇವನು ಯಾರಮ್ಮ?"

"ಬೈದುಬಿಡಿ ಸರ್, ದಯವಿಟ್ಟು ಬೈದುಬಿಡಿ," ಎಂದು ಅಕ್ಕ ಅಳತೊಡಗಿದಳು.

"ಇಷ್ಟು ಚೆನ್ನಾಗಿ ಬರೆದಿದೀಯ, ಏನಂತ ಬೈಲಿ?" ಎಂದರು ಮೇಷ್ಟರು.