ಕನ್ನಡಿಯ ಮೇಲೆ ಮೂರು ಬೆರಳು

ನಾನು ಚಿಕ್ಕವಳಿದ್ದಾಗ ನಮ್ಮ ಅಂಗಳದಿಂದ ಯಾವ ಹೊಸ ಗಾಡಿ ಹೊರಬಿದ್ದರೂ ಅದಕ್ಕೆ ವಿಭೂತಿ ಹಚ್ಚುವವಳು ನಾನೇ ಆಗಿದ್ದೆ. ಅಪ್ಪ ನಾಲತವಾಡದಲ್ಲಿ ಬಡಿಗತನ ಮಾಡುತ್ತಿದ್ದ. ಎತ್ತಿನ ಗಾಡಿ, ಕೂರಿಗೆ, ಬಾಗಿಲ ಚೌಕಟ್ಟು, ಏನು ಬೇಕಾದರೂ ಅವನ ಕೈಯಲ್ಲಿ ಆಗುತ್ತಿತ್ತು. ಗಾಡಿ ಮುಗಿದ ದಿನ ಅವನು ನನ್ನನ್ನು ಕೂಗುತ್ತಿದ್ದ. ನಾನು ಬಟ್ಟಲಿನಲ್ಲಿ ವಿಭೂತಿ, ನಮ್ಮ ಮನೆಮಾತಿನ ಈಬತ್ತಿ, ಕಲಸಿ, ಮೂರು ಬೆರಳು ಅದ್ದಿ, ನೊಗದ ನಟ್ಟನಡುವೆ ಎಳೆಯುತ್ತಿದ್ದೆ. ನಾನು ವಿಭೂತಿ ಹಚ್ಚಿದ ಗಾಡಿಯ ಅಚ್ಚು ಒಂದೂ ಮುರಿದಿಲ್ಲ ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದ. ಒಂಬತ್ತು ವರ್ಷದ ಹುಡುಗಿಗೆ ಇಷ್ಟು ಸಾಕಲ್ಲವೇ? ನನ್ನ ತಲೆ ತಿರುಗಿಯೇ ಹೋಗಿತ್ತು.

ಅಕ್ಕ ಆಗ ಮುದ್ದೇಬಿಹಾಳದ ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದಳು. ದಿನಾ ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಿದ್ದಳು. ಅವಳ ಮಾಸ್ತರರಿಗೆ ದುರ್ಬೀನಿನ ಹುಚ್ಚು. ಆ ಹುಚ್ಚನ್ನು ಅವರು ಅಕ್ಕನಿಗೂ ಅಂಟಿಸಿದರು. ಒಂದು ದಿನ ಅವಳು ಚೀಲದಲ್ಲಿ ಎರಡು ದಪ್ಪ ಗಾಜಿನ ಬಿಲ್ಲೆ ತಂದಳು. ಒಂದೊಂದೂ ಅವ್ವ ಮಾಡುವ ಸಣ್ಣ ರೊಟ್ಟಿಯಷ್ಟು ಅಗಲ. ಒಂದನ್ನು ಹಳೆಯ ಎಣ್ಣೆ ಡ್ರಮ್ಮಿನ ಮೇಲೆ ಕೂರಿಸಿ, ನಡುವೆ ಉಜ್ಜುಪುಡಿ ಮತ್ತು ನೀರು ಹಾಕಿ, ಇನ್ನೊಂದನ್ನು ಅದರ ಮೇಲೆ ಹಿಂದೆ ಮುಂದೆ ತಿಕ್ಕತೊಡಗಿದಳು. ತಿಕ್ಕುತ್ತಾ ಡ್ರಮ್ಮಿನ ಸುತ್ತ ನಡೆಯುತ್ತಿದ್ದಳು, ಕಣದಲ್ಲಿ ಎತ್ತು ಮೇಟಿ ಕಂಬದ ಸುತ್ತ ತಿರುಗುವಂತೆ. ಹಾಗೆ ತಿಕ್ಕಿದರೆ ಮೇಲಿನ ಗಾಜು ನಡುವೆ ಸ್ವಲ್ಪ ಸ್ವಲ್ಪವೇ ತಗ್ಗಾಗುತ್ತದೆ. ಆ ತಗ್ಗೇ ಆಕಾಶದ ಬೆಳಕನ್ನು ಒಂದೆಡೆ ಕೂಡಿಸುವುದು.

ಎಂಟು ತಿಂಗಳು ತಿಕ್ಕಿದಳು. ಕರಕರ ಎನ್ನುತ್ತಿದ್ದ ಸದ್ದು ದಿನ ಕಳೆದಂತೆ ಸರಸರ ಆಯಿತು, ಕೊನೆಗೆ ಸದ್ದೇ ಇಲ್ಲದಂತಾಯಿತು. ಅವಳ ಬೆರಳ ತುದಿಗಳು ಸವೆದು ನುಣ್ಣಗಾದವು. ಓಣಿಯವರು ಬೇಲಿಯಾಚೆ ನಿಂತು ನಗುತ್ತಿದ್ದರು. ಗಾಜು ತಿಕ್ಕುವ ಹುಡುಗಿ ಎಂದೇ ಅವಳಿಗೆ ಹೆಸರು ಬಿತ್ತು. ಅಕ್ಕ ತಿಕ್ಕುತ್ತಲೇ ಇದ್ದಳು. ಆಮೇಲೆ ಮಾಸ್ತರರು ಆ ಗಾಜನ್ನು ಪುಣೆಗೆ ಕಳಿಸಿ, ಅದರ ಮೇಲೆ ಬೆಳ್ಳಿಯಂತೆ ಹೊಳೆಯುವ ಲೇಪ ಹಾಕಿಸಿ ತಂದರು.

ನಾನು ಹೇಳಹೊರಟ ದಿನ ಅದೇ, ದುರ್ಬೀನು ಜೋಡಿಸಿದ ದಿನ. ಇಂಥ ದುರ್ಬೀನಿಗೆ ಡಾಬ್ಸೋನಿಯನ್ ಎನ್ನುತ್ತಾರೆ. ಅಪ್ಪನಿಗೆ ಆ ಹೆಸರು ನಾಲಿಗೆಗೆ ಹತ್ತಲೇ ಇಲ್ಲ, ಆದರೆ ಮಾಸ್ತರರು ತೋರಿಸಿದ ಚಿತ್ರ ಮಾತ್ರ ಕೂಡಲೇ ತಲೆಗೆ ಹತ್ತಿತ್ತು. ತೆಳು ಹಲಗೆಯಲ್ಲಿ ಆಳೆತ್ತರಕ್ಕೆ ಸ್ವಲ್ಪ ಕಡಿಮೆ ಉದ್ದದ ಚೌಕ ಪೆಟ್ಟಿಗೆ ಮಾಡಿ ಒಳಗೆಲ್ಲ ಮಸಿ ಬಳಿದಿದ್ದ. ಪೆಟ್ಟಿಗೆಯ ಎರಡು ಬದಿಗೆ ಎರಡು ದುಂಡನೆಯ ಮರದ ಕಿವಿ. ಆ ಕಿವಿಗಳು ಕೆಳಗಿನ ತೊಟ್ಟಿಲಿನಂಥ ಚೌಕಟ್ಟಿನಲ್ಲಿ ಕೂತು ಮೇಲೆ ಕೆಳಗೆ ವಾಲುತ್ತಿದ್ದವು. ತೊಟ್ಟಿಲಿನ ಕೆಳಗೆ ಎರಡು ದುಂಡು ಹಲಗೆ, ನಡುವೆ ಒಂದು ಗೂಟ, ಸಲೀಸಾಗಿ ತಿರುಗಲೆಂದು ಹಲಗೆಗಳಿಗೆ ತಿಕ್ಕಿದ ಮೇಣದಬತ್ತಿಯ ಮೇಣ.

“ಬೀಸುಕಲ್ಲು ತಿರುಗಿದಂಗ ತಿರುಗತೈತಿ ನೋಡು,” ಎಂದು ಅಪ್ಪ ಒಂದೇ ಬೆರಳಿನಿಂದ ತಿರುಗಿಸಿ ತೋರಿಸಿದ. ಅವನ ಮುಖದಲ್ಲಿ ನಗು ತಡೆಯಲಾರದಷ್ಟಿತ್ತು.

ಅಕ್ಕ ಬೆಳಿಗ್ಗೆಯೇ ಕನ್ನಡಿಯನ್ನು ಅದರ ಮರದ ತಟ್ಟೆಗೆ ಕೂರಿಸಿ, ಪಡಸಾಲೆಯ ಬಟ್ಟೆ ಪೆಟ್ಟಿಗೆಯ ಮೇಲಿಟ್ಟು, ಊಟದ ತಾಟು ಮುಚ್ಚಿದಳು. ಕಣ್ಣಿಟ್ಟು ನೋಡುವ ಸಣ್ಣ ಮಸೂರ ಮಾಸ್ತರರ ಬಳಿ ಇತ್ತು. ಸಂಜೆಗೆ ಅವರನ್ನೇ ಕರೆದುಕೊಂಡು ಬರುತ್ತೇನೆಂದು ಹತ್ತು ಗಂಟೆಯ ಬಸ್ಸಿಗೆ ಹೊರಟಳು. ಅಂದು ಶುಕ್ಲಪಕ್ಷದ ಪಂಚಮಿ. ಹೊತ್ತು ಮುಳುಗುವಾಗಲೇ ಚಂದ್ರ ಪಡುವಣದಲ್ಲಿ ಎತ್ತರಕ್ಕೆ ಇರುತ್ತಾನೆಂದು ಲೆಕ್ಕ ಹಾಕಿ, ನಕ್ಕ ಓಣಿಯವರನ್ನೆಲ್ಲ ನೋಡಲು ಬರಹೇಳಿದ್ದಳು.

“ಕೋಳಿ ಮುಟ್ಟಬಾರದು, ಬೆಕ್ಕು ಮುಟ್ಟಬಾರದು. ನೀ ಕಾಯಬೇಕು,” ಎಂದು ನನಗೆ ಹೇಳಿ ಹೋದಳು. ನಾನೂ ಮುಟ್ಟಬಾರದು ಎಂದು ಅವಳು ಹೇಳಲಿಲ್ಲ. ಅದು ಅವಳ ತಪ್ಪು ಎಂದು ನಾನು ಬಹಳ ವರ್ಷ ವಾದ ಮಾಡಿದ್ದೇನೆ.

ಕೋಳಿಯನ್ನು ಎರಡು ಸಲ ಓಡಿಸಿದೆ. ಬೆಕ್ಕು ಬರಲೇ ಇಲ್ಲ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು, ಅಪ್ಪ ಹಿತ್ತಲಲ್ಲಿ ಉಳಿ ಮಸೆಯುತ್ತಿದ್ದ. ಕೂತು ಕೂತು ನನಗೆ ಒಂದು ವಿಚಾರ ಹೊಳೆಯಿತು. ಇಷ್ಟು ದೊಡ್ಡ ವಸ್ತು ಇಂದು ಸಂಜೆ ಮೊದಲ ಸಲ ಕೆಲಸಕ್ಕೆ ಇಳಿಯುತ್ತದೆ, ಯಾರೂ ವಿಭೂತಿಯ ಮಾತೇ ಎತ್ತಿಲ್ಲ! ಗಡಿಬಿಡಿಯಲ್ಲಿ ಎಲ್ಲರೂ ಮರೆತಿದ್ದಾರೆ, ನಾನಿದ್ದದ್ದು ಪುಣ್ಯ ಎಂದುಕೊಂಡೆ. ಬಟ್ಟಲು ತಂದು ವಿಭೂತಿ ಕಲಸಿದೆ. ಆದರೆ ಎಲ್ಲಿ ಹಚ್ಚುವುದು? ಗಾಡಿಗಾದರೆ ನೊಗ ಇದೆ. ದುರ್ಬೀನಿಗೆ ಹಣೆ ಯಾವುದು? ಅಕ್ಕ ಎಂಟು ತಿಂಗಳು ತಿಕ್ಕಿದ್ದು ಕನ್ನಡಿಯನ್ನು. ಅಂದಮೇಲೆ ಅದೇ ಮುಖ್ಯ. ತಾಟು ಸರಿಸಿದೆ. ನನ್ನ ಮುಖ ಅದರೊಳಗೆ ಕುಂಬಳಕಾಯಿಯಷ್ಟು ದೊಡ್ಡದಾಗಿ ಕಂಡಿತು. ಮೂರು ಬೆರಳು ಅದ್ದಿ ಈ ತುದಿಯಿಂದ ಆ ತುದಿಗೆ ಎಳೆದೆ.

ಎಳೆದು ನೋಡಿದೆ. ಹೊಳೆಯುತ್ತಿದ್ದ ಕನ್ನಡಿ ಬೂದಿ ಮೆತ್ತಿದ ತವೆಯಂತಾಗಿತ್ತು. ಲಂಗದ ಅಂಚನ್ನು ಮೂರೂ ಬೆರಳಿಗೆ ಸುತ್ತಿ ಅದೇ ಗೆರೆಗಳ ಮೇಲೆ ಒರೆಸಿದೆ. ಕಿರ್ ಎಂದಿತು. ನೀವು ತಲೆ ಬಾಚುವ ಕನ್ನಡಿಗೆ ಲೇಪ ಹಿಂದೆ ಇರುತ್ತದೆ, ಮುಂದೆ ಗಾಜಿನ ಕಾವಲು. ದುರ್ಬೀನಿನ ಕನ್ನಡಿಗೆ ಲೇಪ ಮೇಲೆಯೇ ಇರುತ್ತದೆ. ಅದನ್ನು ಒರೆಸುವುದೆಂದರೆ ಕೆರೆದಂತೆ. ಇದು ನನಗೆ ಆಗ ಗೊತ್ತಿರಲಿಲ್ಲ, ಆದರೆ ಆ ಕಿರ್ ಸದ್ದೇ ಎಲ್ಲ ಹೇಳಿತು. ತಾಟು ಮುಚ್ಚಿ ಅದರ ಮುಂದೆ ಕೂತೆ. ಮಧ್ಯಾಹ್ನ ಅವ್ವ ಊಟಕ್ಕೆ ಕರೆದರೂ ಏಳಲಿಲ್ಲ.

ಐದು ಗಂಟೆಗೆ ಅಕ್ಕ ಬಂದಳು, ಹಿಂದೆ ಮಾಸ್ತರರು. ಬಸ್ಸಿನ ಧೂಳೆಲ್ಲ ಅವರ ಬಿಳಿ ಅಂಗಿಯ ಮೇಲಿತ್ತು. ಅಕ್ಕ ಸಂಭ್ರಮದಿಂದ ತಾಟಿಗೆ ಕೈ ಹಾಕಿದಳು. ನಾನು ಎರಡೂ ಕೈಯಿಂದ ಅದನ್ನು ಒತ್ತಿ ಹಿಡಿದೆ.

“ಕೈ ತಗಿ.”

“ಒಲ್ಲೆ.”

“ಏನ್ ಮಾಡೀದಿ?”

ನಾನು ಅತ್ತುಬಿಟ್ಟೆ. ಅಳುತ್ತಲೇ ಎಲ್ಲ ಹೇಳಿದೆ, ಲಂಗದಿಂದ ಒರೆಸಿದ್ದನ್ನೂ ಸೇರಿಸಿ. ಅಕ್ಕ ತಾಟು ತೆಗೆದು ನೋಡಿದಳು. ಬೈಯಲಿಲ್ಲ, ಹೊಡೆಯಲಿಲ್ಲ. ಹೊಸ್ತಿಲ ಹತ್ತಿರ ಕೂತು ತನ್ನ ಬೆರಳುಗಳನ್ನೇ ನೋಡತೊಡಗಿದಳು. ಎರಡು ಬಾರಿಸಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಅಷ್ಟು ದೊಡ್ಡ ದುಃಖ ನಾನು ಅದುವರೆಗೆ ಯಾರಿಗೂ ಕೊಟ್ಟಿರಲಿಲ್ಲ.

ಅಪ್ಪ ಹಿತ್ತಲಿಂದ ಬಂದವನು ವಿಷಯ ಕೇಳಿ, “ಹಚ್ಚಾಕ ಕಲಿಸಿದಾಂವ ನಾನು. ಬೈಯೋದಿದ್ರ ನನಗ ಬೈ,” ಎಂದು ಅಕ್ಕನ ಪಕ್ಕದಲ್ಲಿ ಕೂತ.

ಮಾಸ್ತರರು ಮಾತ್ರ ಕನ್ನಡಿಯನ್ನು ಬೆಳಕಿಗೆ ಹಿಡಿದು ಅತ್ತ ಇತ್ತ ವಾಲಿಸಿ ನೋಡುತ್ತಿದ್ದರು. “ಬೂದಿ ತೊಳದ್ರ ಹೋಗತೈತಿ. ಗೀರು ಎಷ್ಟು ಬಿದ್ದಾವು ಆಮ್ಯಾಲ ನೋಡೋಣು. ಆದ್ರ ನಿಮ್ಮ ಸವಳು ನೀರು ಬ್ಯಾಡ್ರಿ, ಒಣಗಿದ ಮ್ಯಾಲ ಉಪ್ಪು ಕೂತಬಿಡತೈತಿ. ಟ್ರ್ಯಾಕ್ಟರ್ ಬ್ಯಾಟರಿಗೆ ಹಾಕೋ ನೀರು ಎಲ್ಲೆರ ಸಿಕ್ರ...”

ಅವರ ಮಾತು ಮುಗಿಯುವ ಮೊದಲೇ ನಾನು ಬೀದಿಯಲ್ಲಿದ್ದೆ. ಟ್ರ್ಯಾಕ್ಟರ್ ಇದ್ದ ಮನೆ ಊರ ಆ ತುದಿಗೆ. ಬರಿಗಾಲಲ್ಲಿ ಓಡಿದೆ. ಆ ಮನೆಯ ಕಾಕಾ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದ.

“ಕಾಕಾ, ಬ್ಯಾಟರಿ ನೀರು ಕೊಡ್ರಿ, ಲಗೂನ!”

“ಯಾಕ ಬೇ, ನಿಮ್ಮಪ್ಪ ಗಾಡಿ ಎತ್ತಿಗೆ ಬ್ಯಾಟರಿ ಕೂಡಸ್ಯಾನೇನು?” ಎಂದು ನಗುತ್ತಲೇ ಎರಡು ಬಾಟಲಿ ಕೊಟ್ಟ. ಎರಡನ್ನೂ ಎದೆಗೆ ಅವಚಿಕೊಂಡು ಬಂದೆ. ಅಷ್ಟರಲ್ಲಿ ಓಣಿಯವರು ಒಬ್ಬೊಬ್ಬರಾಗಿ ಅಂಗಳಕ್ಕೆ ಸೇರುತ್ತಿದ್ದರು. ಕೆಲವರು ಮನೆಯಿಂದ ಚಾಪೆಯನ್ನೂ ತಂದಿದ್ದರು. ಹೊತ್ತು ಮುಳುಗಲು ಒಂದು ಮಾರು ಉಳಿದಿತ್ತು.

ಮಾಸ್ತರರು ಕನ್ನಡಿಯನ್ನು ಓರೆಯಾಗಿ ಹಿಡಿದು ನೀರನ್ನು ಸಣ್ಣಗೆ ಬಿಟ್ಟರು. ಯಾರೂ ಕೈ ಹಚ್ಚಲಿಲ್ಲ. ಬೂದಿ ಹರಿದು ಕೆಳಗಿಳಿಯಿತು, ಬಿಳಿ ನೀರು ತಿಳಿಯಾಯಿತು. ಕೊನೆಗೆ ಉಳಿದ ನಾಲ್ಕು ಹನಿಗಳನ್ನು ಮಸಿ ಹೀರುವ ಕಾಗದದ ಮೂಲೆ ತಾಗಿಸಿ ತೆಗೆದರು. ಕನ್ನಡಿ ಮತ್ತೆ ಹೊಳೆಯಿತು. ಆದರೆ ಅದರ ಮೇಲೆ ಈ ತುದಿಯಿಂದ ಆ ತುದಿಗೆ ಕೂದಲೆಳೆಯಂಥ ಮೂರು ಗೀರು, ಸರಿಯಾಗಿ ನನ್ನ ಬೆರಳ ಅಳತೆಯಲ್ಲಿ.

“ಈ ಗೀರಿನಿಂದ ಬೆಳಕು ಎಳ್ಳಷ್ಟು ಕಮ್ಮಿ ಆಗಬಹುದು, ಅಷ್ಟ. ಜೋಡಿಸು,” ಎಂದರು ಮಾಸ್ತರರು. ಅಕ್ಕ ನಂಬಿದಳೋ ಇಲ್ಲವೋ, ಎದ್ದು ಬಂದಳು.

ಕನ್ನಡಿಯನ್ನು ಪೆಟ್ಟಿಗೆಯ ತಳದಲ್ಲಿ ಕೂರಿಸಿದ ಮೇಲೆ ಅದರ ಬೆನ್ನಿಗಿದ್ದ ಮೂರು ತಿರುಪು ಸರಿಮಾಡಬೇಕಿತ್ತು. ಮೇಲಿಂದ ಒಬ್ಬರು ನೋಡುತ್ತಿರಬೇಕು, ಕೆಳಗೆ ಇನ್ನೊಬ್ಬರು ತಿರುಗಿಸಬೇಕು. ಅಪ್ಪನ ಬೆರಳು ದಪ್ಪ, ತೊಟ್ಟಿಲಿನ ಸಂದಿಯಲ್ಲಿ ಹೋಗಲಿಲ್ಲ. ಅಕ್ಕ ನನ್ನ ಕಡೆ ನೋಡದೆಯೇ, “ನಿನ್ನ ಕೈ ಹಿಡಿಸತೈತಿ, ಬಾ,” ಎಂದಳು. ನಾನು ನೆಲಕ್ಕೆ ಕೂತು ಕೈ ತೂರಿಸಿದೆ. ಎಡಕ್ಕೆ ಎಂದರೆ ಎಡಕ್ಕೆ, ಬಲಕ್ಕೆ ಎಂದರೆ ಬಲಕ್ಕೆ. ಉಸಿರು ಕೂಡ ಅವಳು ಹೇಳಿದ ಮೇಲೆಯೇ ಬಿಟ್ಟೆನೇನೋ.

ಹೊತ್ತು ಮುಳುಗಿತ್ತು, ಆಕಾಶ ಇನ್ನೂ ನೀಲಿಯಾಗಿತ್ತು. ಅಕ್ಕ ಪೆಟ್ಟಿಗೆಯನ್ನು ಚಂದ್ರನ ಕಡೆ ವಾಲಿಸಿ ಕಣ್ಣಿಟ್ಟಳು. ಅಂಗಳದವರೆಲ್ಲ ಕತ್ತು ಚಾಚಿದರು. ಅವಳ ಒಂದು ಕೈ ಗಾಳಿಯಲ್ಲಿ ತಡಕಾಡಿ, ನನ್ನ ಜಡೆ ಸಿಕ್ಕ ಕೂಡಲೇ ಹಿಡಿದು ಎಳೆಯಿತು.

“ಬಾ ಇಲ್ಲಿ. ನೀ ಈಬತ್ತಿ ಹಚ್ಚಿದ ಚಂದ್ರಾಮನ್ನ ನೋಡು.”

ನೋಡಿದೆ. ಮಕ್ಕಳೇ, ಅದನ್ನು ನಿಮಗೆ ಹೇಗೆ ಹೇಳಲಿ! ಚಂದ್ರನ ಅಂಚಿನಲ್ಲಿ ಕುಣಿಗಳಿದ್ದವು, ಕುಣಿಯೊಳಗೆ ಕರಿ ನೆರಳು ತುಂಬಿತ್ತು. ಗುಡ್ಡದ ತುದಿಗಳಿಗೆ ಬಿಸಿಲು ಬಿದ್ದು ಕತ್ತಲಲ್ಲಿ ಚುಕ್ಕಿ ಚುಕ್ಕಿಯಾಗಿ ಮಿನುಗುತ್ತಿದ್ದವು. ಗೀರಿನ ಸುಳಿವೇ ಇರಲಿಲ್ಲ. ನಾನು “ಅವ್ವಾ!” ಎಂದು ಎಷ್ಟು ಜೋರಾಗಿ ಕಿರುಚಿದೆನೆಂದರೆ ಅವ್ವ ಹಿಟ್ಟಿನ ಕೈಯಲ್ಲೇ ಓಡಿಬಂದಳು.

ಆಮೇಲೆ ಸಾಲು ಹತ್ತಿತು. ಚಂದ್ರ ಸರಿಯುತ್ತಲೇ ಇರುತ್ತಾನಲ್ಲ, ಒಬ್ಬರು ನೋಡಿ ಮುಗಿಸುವಷ್ಟರಲ್ಲಿ ಜಾರಿಬಿಡುತ್ತಿದ್ದ. ಪೆಟ್ಟಿಗೆಯನ್ನು ಒಂದು ಕೂದಲಷ್ಟು ನೂಕಿ ಅವನನ್ನು ಹಿಡಿದು ತರುವ ಕೆಲಸ ಅಕ್ಕ ನನಗೆ ಒಪ್ಪಿಸಿದಳು. ಗಾಜು ತಿಕ್ಕುವ ಹುಡುಗಿ ಎಂದು ನಕ್ಕವರೆಲ್ಲ ಬಗ್ಗಿ ಕಣ್ಣಿಟ್ಟು, ತಲೆ ಎತ್ತಿ ಬರಿಗಣ್ಣಲ್ಲಿ ಚಂದ್ರನನ್ನು ನೋಡಿ, ಮತ್ತೆ ಬಗ್ಗಿ ನೋಡಿದರು. ಟ್ರ್ಯಾಕ್ಟರಿನ ಕಾಕಾ ಮೂರು ಸಲ ಸಾಲು ನಿಂತ. ಮೂರನೆಯ ಸಲ, “ನನ್ನ ಬ್ಯಾಟರಿ ನೀರಿನ ಪ್ರತಾಪ ನೋಡ್ರಿ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಅಂದು ಅಕ್ಕ ನಕ್ಕಷ್ಟು ಮುಂದೆ ಅವಳ ಮದುವೆಯಲ್ಲೂ ನಗಲಿಲ್ಲ.

ಈಗ ಮುದ್ದೇಬಿಹಾಳದಲ್ಲಿ ನನ್ನ ಇಬ್ಬರು ಮೊಮ್ಮಕ್ಕಳ ಮನೆಗೂ ಒಂದು ಡಾಬ್ಸೋನಿಯನ್ ಬಂದಿದೆ. ಕೊರಿಯರಿನಲ್ಲಿ ಡಬ್ಬಿಯಾಗಿ ಬಂತು, ತಿರುಪು ಬಿಗಿಯುವ ಪುಟ್ಟ ಕೀಲಿಯೂ ಅದರೊಳಗೇ ಇತ್ತು. ಮೊಬೈಲಿನಲ್ಲಿ ನೋಡುತ್ತಾ ಇಬ್ಬರೂ ಒಂದೇ ಮಧ್ಯಾಹ್ನದಲ್ಲಿ ಜೋಡಿಸಿದರು. ನಾನು ವಿಭೂತಿ ಬಟ್ಟಲು ಹಿಡಿದು ಮಾಳಿಗೆ ಹತ್ತಿದರೆ ಮೊಮ್ಮಗಳು ಅಡ್ಡ ನಿಂತು, “ಅಜ್ಜಿ, ಹೊರಗ ಹಚ್ಚು, ಒಳಗ ಬ್ಯಾಡ,” ಎಂದಳು. ಕೊಳವೆಯ ಹೊರಗೇ ಹಚ್ಚಿದೆ. ಅವರದು ನಮ್ಮದಕ್ಕಿಂತ ದೊಡ್ಡದು, ಚಂದ್ರನೂ ಹೆಚ್ಚು ಚೊಕ್ಕ ಕಾಣುತ್ತಾನೆ. ಸುಳ್ಳೇಕೆ ಹೇಳಲಿ? ಆದರೆ ಬೀದಿ ದೀಪದ ಬೆಳಕು ತಪ್ಪಿಸಲು ಅವರು ಹಳೆಯ ಚಾದರ ಕಟ್ಟಬೇಕು. ನಮ್ಮ ಅಂಗಳದಲ್ಲಿ ಅವ್ವನ ಕಂದೀಲು ಊದಿದರೆ ಸಾಕಿತ್ತು.

ಮೊನ್ನೆ ಇಬ್ಬರೂ ನಮ್ಮ ಹಳೆಯ ದುರ್ಬೀನಿನ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ, ಕನ್ನಡಿ ಮಸುಕಾದದ್ದು ನೋಡಿ, ಪುಣೆಗೆ ಕಳಿಸಿ ಹಳೆ ಲೇಪ ತೆಗೆಸಿ ಹೊಸದು ಹಾಕಿಸೋಣ ಎಂದು ಹಠ ಹಿಡಿದರು. ಅಕ್ಕನ ಒಪ್ಪಿಗೆ ಬೇಕಲ್ಲ, ವಿಡಿಯೊ ಕರೆ ಮಾಡಿದರು. ಅವಳಿಗೀಗ ತಲೆಯೆಲ್ಲ ಬಿಳಿ. ಕನ್ನಡಿಯನ್ನು ಫೋನಿನ ಮುಂದೆ ಹಿಡಿಯಲು ಹೇಳಿ ಬಹಳ ಹೊತ್ತು ನೋಡಿದಳು.

“ಬ್ಯಾಡ್ರೋ,” ಎಂದಳು. “ಹೊಸಾ ಲೇಪ ಹಾಕಿಸಿದ್ರ ಆ ಮೂರು ಗೀರು ಹೋಗ್ತಾವು.”