ದಿಲ್ಶಾದಕ್ಕನಿಗೆ ದನಿ ಕಟ್ಟಿದ ಬಶೀರ್ ಭಾಯ್

ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಕಂಪ್ಯೂಟರ್ ಡಬ್ಬಕ್ಕೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿಕೊಂಡು, ಕಣ್ಣು ಮುಚ್ಚಿ ಕೂತ ಮನುಷ್ಯನನ್ನು ನೀವು ಕಂಡಿರಲಾರಿರಿ. ನಾನು ಕಂಡಿದ್ದೇನೆ. ಚಳ್ಳಕೆರೆಯಲ್ಲಿ ಟ್ರ್ಯಾಕ್ಟರ್ ಮೆಕ್ಯಾನಿಕ್ ಆಗಿದ್ದ ಬಶೀರ್ ಭಾಯ್ ಎಂಜಿನ್ನಿನ ಹೊಟ್ಟೆಯೊಳಗಿನ ಸದ್ದನ್ನು ಹೀಗೆಯೇ ಕೇಳುತ್ತಿದ್ದರು. ಕಂಪ್ಯೂಟರಿಗೂ ಅದೇ ಪರೀಕ್ಷೆ! "ಫ್ಯಾನ್ ಬೇರಿಂಗ್ ಹೋಗೈತೆ ಲೇ ತಿಪ್ಪೇಶಿ," ಎಂದು ಒಂದು ದಿನ ನನಗೆ ಗಂಭೀರವಾಗಿ ಹೇಳಿದರು. ಬಿಚ್ಚಿ ನೋಡಿದರೆ ಫ್ಯಾನು ಗಟ್ಟಿಮುಟ್ಟಾಗಿತ್ತು, ಅಲ್ಲಾಡುತ್ತಿದ್ದದ್ದು ಮೇಜಿನ ಕಾಲು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವರೂ ನಕ್ಕರು, ಆಮೇಲೆ ಮೇಜಿನ ಕಾಲಿಗೆ ರಟ್ಟು ಮಡಚಿ ಒತ್ತು ಕೊಟ್ಟರು.

ನನ್ನದು ಮೊಳಕಾಲ್ಮೂರಿನಲ್ಲಿ ಜೆರಾಕ್ಸ್ ಅಂಗಡಿ, ಜೊತೆಗೆ ಕಂಪ್ಯೂಟರ್ ರಿಪೇರಿ. ಭಾಯ್ ಹೆಂಡತಿ ದಿಲ್ಶಾದಕ್ಕ ನಮ್ಮ ಬೀದಿಯ ಹೆಣ್ಣುಮಗಳು, ನಮ್ಮಕ್ಕನ ಜೊತೆ ಕನ್ನಡ ಶಾಲೆಗೆ ಹೋದವಳು. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು. ಮೂರರಲ್ಲೂ ಜಗಳ ಗೆಲ್ಲುತ್ತಿದ್ದಳು ಪುಣ್ಯಾತ್ಗಿತ್ತಿ. ಅಂಥವಳಿಗೆ ಗಂಟಲಿನ ಕಾಯಿಲೆ ಬಂತು. ಆಪರೇಷನ್ ಆಯಿತು, ಜೀವ ಉಳಿಯಿತು, ದನಿ ಹೋಯಿತು.

ಭಾಯ್ ಬಸ್ಸು ಹತ್ತಿ ನನ್ನ ಅಂಗಡಿಗೆ ಬಂದರು. ಸ್ಟೂಲಿನ ಮೇಲೆ ಕೂತು, "ಅವಳು ಸುಮ್ಮನಿದ್ರೆ ಮನೆ ತಿನ್ನಾಕ್ ಬರ್ತೈತೆ ಕಣೋ. ಟೈಪ್ ಮಾಡಿದ್ರೆ ಮಾತಾಡೋ ಮಿಷನ್ ಐತಂತಲ್ಲ, ಕೊಡು," ಎಂದರು.

ಫೋನಿನಲ್ಲೂ ಅಂಥದ್ದು ಇತ್ತು. ಆದರೆ ಅದರೊಳಗೆ ಮಾತಾಡುವ ಹೆಂಗಸು ದಿಲ್ಶಾದಕ್ಕನಿಗೆ ಹಿಡಿಸಲಿಲ್ಲ, ಆ ದನಿಯನ್ನು ತಿದ್ದುವ ದಾರಿಯೂ ಇರಲಿಲ್ಲ. ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ಪುಕ್ಕಟೆ ವ್ಯವಸ್ಥೆಯಲ್ಲಾದರೆ ಯಾವ ಪ್ರೋಗ್ರಾಮನ್ನೂ ಬಿಚ್ಚಿ ನೋಡಬಹುದು, ಬೇಕಾದಂತೆ ತಿದ್ದಬಹುದು. ಅಂಗಡಿಯಲ್ಲಿದ್ದ ಒಂದು ಕಂಪ್ಯೂಟರಿಗೆ ನಾನೇ ಬಳಸುವ ಲಿನಕ್ಸ್ ಹಾಕಿ, ಟೈಪ್ ಮಾಡಿದ್ದನ್ನು ಓದಿ ಹೇಳುವ ಪ್ರೋಗ್ರಾಮನ್ನೂ ಸೇರಿಸಿ ಕೊಟ್ಟೆ. ಆ ಲಿನಕ್ಸ್ ರೋಲಿಂಗ್ ಜಾತಿಯದು. ಹೊಸ ಆವೃತ್ತಿಗೆಂದು ವರ್ಷಗಟ್ಟಲೆ ಕಾಯುವಂತಿಲ್ಲ, ಹೊಸದು ತಯಾರಾದ ಹಾಗೆಲ್ಲ ಅಷ್ಟಷ್ಟೇ ಬರುತ್ತಿರುತ್ತದೆ. ಹಾಕಿಕೊಂಡರೆ ಮುಗಿಯಿತು.

ಭಾಯ್ ಗ್ಯಾರೇಜಿನಿಂದ ಬಂದು ಕೈ ತೊಳೆದು ಆ ದನಿಯ ಮುಂದೆ ಕೂರುತ್ತಿದ್ದರು. ಗೊತ್ತಾಗದ್ದನ್ನು ನನಗೆ ಫೋನ್ ಮಾಡಿ ಕೇಳುತ್ತಿದ್ದರು. ಗಂಡಸಿನಂತಿದ್ದ ದನಿಯನ್ನು ಮೇಲೆತ್ತಿದರು, ಓಟ ತಗ್ಗಿಸಿದರು, ಅಕ್ಕ ಮಾತಿನ ನಡುವೆ ಎಲ್ಲಿ ಉಸಿರು ತಗೊಳ್ಳುತ್ತಿದ್ದಳೋ ಅಲ್ಲಲ್ಲಿ ನಿಲ್ಲುವಂತೆ ಮಾಡಿದರು. ಅವಳು ಪಕ್ಕದಲ್ಲಿ ಕೂತು ಇನ್ನೂ ಮೇಲೆ, ಸಾಕು, ಕೆಳಗೆ ಅಂತ ಕೈ ಆಡಿಸುವಳು. ಯಂತ್ರದ ದನಿ ಯಂತ್ರದ್ದೇ, ಸುಳ್ಳು ಯಾಕೆ ಹೇಳಲಿ. ಆದರೂ ನಾನು ಅವರ ಮನೆಗೆ ಹೋಗಿದ್ದ ಒಂದು ಸಂಜೆ ಅದು, "ಏನ್ರೀ, ಸಕ್ಕರೆ ತರ್ರಿ ಅಂದ್ರೆ ಗ್ರೀಸ್ ಡಬ್ಬಿ ತಂದೀರಲ್ಲ, ಚಾಕ್ಕೆ ಅದನ್ನೇ ಹಾಕ್ಲಾ?" ಎಂದಾಗ, ಅಯ್ಯೋ, ಇದು ನಮ್ಮ ದಿಲ್ಶಾದಕ್ಕನೇ ಅನ್ನಿಸಿ ನನ್ನ ಕಣ್ಣಲ್ಲಿ ನೀರು ಬಂತು.

ಹೀಗಿರುವಾಗ ಒಂದು ಬೆಳಿಗ್ಗೆ ಅಪ್‌ಡೇಟ್ ಬಂದು ಸ್ಪೀಕರಿನ ಸದ್ದೇ ಹೋಯಿತು. ಮನೆಯಲ್ಲಿ ಮಗಳ ಸಂಬಂಧ ನೋಡಲು ಬಂದ ನೆಂಟರು ಕೂತಿದ್ದಾರೆ. ತಾಯಿ ಬಾಯಿಲ್ಲದೆ ಎಲ್ಲರ ಮುಖ ನೋಡುತ್ತಿದ್ದಾಳೆ. ಫೋನಿನಲ್ಲಿ ಭಾಯ್ ಗುಡುಗಿದರು: "ಲೇ ತಿಪ್ಪೇಶಿ, ನಿನ್ ಅಪ್‌ಡೇಟಿಗಿಷ್ಟು ಬೆಂಕಿ ಹಾಕ! ನನ್ ಹೆಂಡ್ತಿ ಬಾಯಿ ಕಟ್ತಲ್ಲೋ!" ನಾನು ಓಡಿಹೋಗಿ ಮಧ್ಯಾಹ್ನಕ್ಕೆ ಸರಿ ಮಾಡಿದೆ. ಸದ್ದು ಬಂತು, ಆದರೆ ಅದು ಮೊದಲಿನ ಗಂಡಸಿನ ದನಿ! ಮಾತಾಡುವ ಪ್ರೋಗ್ರಾಮೂ ಹೊಸದಾಗಿ ಬಂದು, ಭಾಯ್ ತಿದ್ದಿದ್ದನ್ನೆಲ್ಲ ಅಳಿಸಿ ಕೂತಿತ್ತು.

ಅವತ್ತಿನಿಂದ ಅವರು ಸೋರ್ಸ್ ಲಿನಕ್ಸಿಗೆ ಹೋದರು. ಅದರಲ್ಲಿ ಸಿದ್ಧ ಪ್ರೋಗ್ರಾಂ ಬರುವುದಿಲ್ಲ, ಅದನ್ನು ಬರೆದ ಮೂಲ ಕೋಡ್ ಬರುತ್ತದೆ. ನಿಮ್ಮ ಕಂಪ್ಯೂಟರೇ ಕೂತು ಅದನ್ನು ಕಟ್ಟಿಕೊಳ್ಳಬೇಕು. ನಿಮ್ಮದೊಂದು ತಿದ್ದುಪಡಿ ಇಟ್ಟಿದ್ದರೆ ಪ್ರತಿ ಸಲವೂ ಅದನ್ನು ಸೇರಿಸಿಕೊಂಡೇ ಕಟ್ಟುತ್ತದೆ. ಭಾಯ್‌ಗೆ ಬೇಕಾಗಿದ್ದದ್ದೂ ಅದೇ.

"ಭಾಯ್, ಬ್ರೌಸರ್ ಕಟ್ಟಾಕೆ ಬೆಳಿಗ್ಗೆ ಕೂತ್ರೆ ಸಂಜೆ ಆಗ್ತೈತೆ. ದಿನಾ ಬಳಸೋ ಮನೇಲಿ ಇದು ನಡೆಯೋ ಮಾತೇನ್ರಿ?" ಎಂದು ನಾನು ರೇಗಿಸುತ್ತಿದ್ದೆ.

"ಎಂಜಿನ್ ಬಿಚ್ಚಿ ಕಟ್ಟೋವಾಗ ಡ್ರೈವರುಗಳೂ ಹಿಂಗೇ ಬಡ್ಕೊಂತಾರೆ. ನೀನು ಕಟ್ಟಿದ್ದನ್ನ ತಂದು ಹಾಕ್ಕೊಳ್ಳೋನು, ನಿನಗೇನ್ ಗೊತ್ತು?"

ಕಟ್ಟುವ ದಿನ ಮನೆಯ ಕೂಲರು ಕಂಪ್ಯೂಟರಿನ ಕಡೆ ತಿರುಗುತ್ತಿತ್ತು. ಚಳ್ಳಕೆರೆಯ ಬಿಸಿಲಲ್ಲಿ ಮನುಷ್ಯರು ಬೆವರು ಒರೆಸಿಕೊಂಡಿರಬೇಕು. ಯಂತ್ರಕ್ಕೆ ಕೆಲಸ ಹೆಚ್ಚಾಗಿ ಅಕ್ಕನ ದನಿ ತೊದಲುತ್ತಿತ್ತು. "ನ...ನಗೂ ಗಾ...ಳಿ ಬೇ...ಕು," ಎಂದು ಅವಳು ಬೇಕೆಂದೇ ಮತ್ತೆ ಮತ್ತೆ ಹೇಳಿಸುವಳು. ಭಾಯ್ ಕೈ ಮುಗಿದು ಕೂಲರನ್ನು ಅರ್ಧ ತಿರುಗಿಸುವರು.

ಎರಡು ಬೇಸಿಗೆ ಹೀಗೆ ಕಳೆಯಿತು. ಮೂರನೆಯದರಲ್ಲಿ ಡಬ್ಬದೊಳಗಿನ ಮದರ್‌ಬೋರ್ಡ್ ಸುಟ್ಟಿತು. ಹಾರ್ಡ್ ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಗಂಡ ಹೆಂಡತಿ ಇಬ್ಬರೂ ನನ್ನ ಅಂಗಡಿಗೆ ಬಂದರು. "ಡಿಸ್ಕ್ ಚೆನ್ನಾಗೈತೆ. ನಿನ್ ಡಬ್ಬಕ್ಕೆ ಹಾಕು, ಎದ್ದು ಕೂರ್ತೈತೆ," ಎಂದರು ಭಾಯ್.

ಹಾಕಿದೆ. ಏಳಲಿಲ್ಲ. ಪರದೆಯ ಮೇಲೆ ಒಂದು ಸಾಲು ಬಂದು ನಿಂತುಹೋಯಿತು.

ಆಗಿದ್ದಿಷ್ಟು. ಕಟ್ಟುವಾಗ ಭಾಯ್ ಎಲ್ಲವನ್ನೂ ತಮ್ಮ ಡಬ್ಬದ ಆ ಒಂದು ಪ್ರೊಸೆಸರಿಗೇ ಅಳತೆ ಕೊಟ್ಟು ಕಟ್ಟಿಸಿದ್ದರು, ಸ್ವಲ್ಪ ವೇಗ ಸಿಕ್ಕೀತು ಅಂತ. ನನ್ನದು ಅದಕ್ಕಿಂತ ಹಳೆಯ ಯಂತ್ರ, ಅದಕ್ಕೆ ಆ ಕೋಡ್ ನಡೆಸಲು ಬರುವುದೇ ಇಲ್ಲ. ಒಂದೇ ಗಾಡಿಯ ಅಚ್ಚಿಗೆ ಕೂರುವಂತೆ ಅರ ಹಾಕಿ ಉಜ್ಜಿದ ಬುಷ್ ಬಳೆ ಇದ್ದ ಹಾಗೆ. ಎಷ್ಟೋ ಗಾಡಿಗಳಿಗೆ ಅವರು ಹಾಗೆ ಉಜ್ಜಿ ಕೂರಿಸಿ ಭೇಷ್ ಅನ್ನಿಸಿಕೊಂಡಿದ್ದರು. ಇಲ್ಲಿ ಅದೇ ಕೈಗುಣ ತಿರುಗಿ ಹೊಡೆದಿತ್ತು.

ನಾನು ನನ್ನ ಲಿನಕ್ಸ್ ಎಬ್ಬಿಸಿ, ಅದರಲ್ಲಿದ್ದ ಸಾಮಾನ್ಯ ದನಿ ಹಾಕಿ ಕೀಬೋರ್ಡನ್ನು ಅಕ್ಕನ ಮುಂದೆ ಸರಿಸಿದೆ. ಅವಳು ನಿಧಾನಕ್ಕೆ ಟೈಪ್ ಮಾಡಿದಳು. ಯಾವನೋ ಗಂಡಸು ಗಡಸಾಗಿ ಹೇಳಿದ: "ಇದು ನಾನಲ್ಲ."

ಅವಳು ಕೀಬೋರ್ಡನ್ನು ಹಿಂದಕ್ಕೆ ತಳ್ಳಿ ಸೆರಗು ಮುಖಕ್ಕೆ ಹಿಡಿದಳು. ಭಾಯ್ ಮುಖ ನೋಡಲಾಗಲಿಲ್ಲ ನನಗೆ. ರೋಲಿಂಗೇ ಮೇಲು ಅಂತ ಮೆರೆಯೋಕೆ ಅದಕ್ಕಿಂತ ಒಳ್ಳೆ ಹೊತ್ತು ಸಿಗುತ್ತಿರಲಿಲ್ಲ, ಆದರೆ ಬಾಯಿ ಹೇಗೆ ಬರುತ್ತದೆ? ಇಬ್ಬರೂ ಊಟ ಬಿಟ್ಟು ಕೂತೆವು. ಡಿಸ್ಕಿನಿಂದ ಅವರ ತಿದ್ದುಪಡಿ ತೆಗೆದು, ಆ ಒಂದು ಪ್ರೋಗ್ರಾಮನ್ನು ನನ್ನ ಯಂತ್ರದಲ್ಲಿ ಹೊಸದಾಗಿ ಕಟ್ಟಿದೆವು. ಸಂಜೆಗೆ ಅಕ್ಕನ ದನಿ ಬಂತು. ಬಂದದ್ದೇ ತಡ, "ಇಬ್ರೂ ಉಣ್ರಿ ಮೊದ್ಲು," ಎಂದಿತು.

ಆಮೇಲಿನ ತಿಂಗಳುಗಳಲ್ಲಿ ಭಾಯ್ ಬೇರೆ ಮದರ್‌ಬೋರ್ಡ್ ಹಾಕಿಸಿಕೊಂಡು ಇಡೀ ವ್ಯವಸ್ಥೆಯನ್ನು ಬುಡದಿಂದ ಕಟ್ಟಿದರು, ಈ ಸಲ ಯಾವ ಯಂತ್ರದ ಅಳತೆಯನ್ನೂ ಕೊಡದೆ. ವೇಗ ಕಮ್ಮಿಯಾಯಿತು. ನಾನು ಹಾಗೆಂದಾಗ, "ಆಗ್ಲಿ ಬಿಡು," ಎಂದರು. ಆಮೇಲೊಂದು ದಿನ ಆ ಡಿಸ್ಕ್ ಹಿಡಿದು ಬಂದು, ನನ್ನ ಅಂಗಡಿಯಲ್ಲಿ ರಿಪೇರಿಗೆ ಬಂದಿದ್ದ ಹಳೆ ಹೊಸ ಡಬ್ಬಗಳಿಗೆಲ್ಲ ಒಂದೊಂದಾಗಿ ಹಾಕಿ ಎಬ್ಬಿಸಿ ನೋಡಿದರು. ಎಲ್ಲದರಲ್ಲೂ ದಿಲ್ಶಾದಕ್ಕ ಮಾತಾಡಿದಳು. ಜೆರಾಕ್ಸಿಗೆ ಬಂದವರು ತಿರುಗಿ ತಿರುಗಿ ನೋಡುತ್ತಿದ್ದರು.

"ಇದೇನ್ ಹುಚ್ಚು ಭಾಯ್? ಕೆಟ್ರೆ ನೀವಿಲ್ವಾ?" ಎಂದೆ.

"ಅದೇ ಲೇ. ನಾನಿದ್ರೆ ಮಾತ್ರ ಓಡೋ ಗಾಡಿ ಕಟ್ಟಿ ಕೊಟ್ಟಿದ್ದೆ ಅವಳಿಗೆ. ಅದು ತಪ್ಪು." ತಿದ್ದುಪಡಿಯ ಒಂದು ಪ್ರತಿಯನ್ನು ನನ್ನ ಯಂತ್ರಕ್ಕೂ ಹಾಕಿಸಿದರು. "ನಿನ್ ರೋಲಿಂಗಿಗೂ ಸೇರಿಸ್ಕೋ. ಬೈಕೊಂಡಾದ್ರೂ ನೋಡ್ಕೋ," ಎಂದು ನಕ್ಕು ಚಳ್ಳಕೆರೆ ಬಸ್ಸು ಹತ್ತಿದರು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಅಂಗಡಿಯ ಶಟರ್ ಎತ್ತುತ್ತಿದ್ದೆ. ಭಾಯ್ ನಂಬರಿನಿಂದ ಫೋನ್ ಬಂತು. "ಏನ್ ಭಾಯ್, ಏನು ಕೆಟ್ಟಿತು ಇವತ್ತು?" ಎಂದೆ ಸಲುಗೆಯಿಂದ. ಆ ಕಡೆಯಿಂದ ಕೀಬೋರ್ಡಿನ ಕೀಲಿಗಳ ಸದ್ದು ಮಾತ್ರ ಬಂತು. ದಿಲ್ಶಾದಕ್ಕ ನನಗೆ ಎಂದೂ ಫೋನ್ ಮಾಡಿದವಳಲ್ಲ.

"ತಮ್ಮಾ, ನಿಮ್ಮ ಭಾಯ್ ಹೋದ್ರು. ಬೆಳಿಗ್ಗೆ ನಮಾಜಿಗೆ ಎದ್ದೋರು, ಎದೆ ನೋವು ಅಂದ್ರು."

ಆ ದನಿ ನಡುಗಲಿಲ್ಲ, ಬಿಕ್ಕಲಿಲ್ಲ. ಉಸಿರು ತಗೊಳ್ಳುವಲ್ಲಿ ತಗೊಂಡು, ಸಕ್ಕರೆ ತರ್ರಿ ಅನ್ನುವ ಹಾಗೇ ಹೇಳಿ ಮುಗಿಸಿತು. ಎಲ್ಲ ಕಲಿಸಿದ್ದ ಭಾಯ್ ಅದಕ್ಕೆ ಅಳುವುದೊಂದನ್ನು ಕಲಿಸಿರಲಿಲ್ಲ. ನಾನು ಶಟರ್ ಹಿಡಿದುಕೊಂಡೇ ನಿಂತೆ. ಕೀಲಿಗಳು ಮತ್ತೆ ಸದ್ದು ಮಾಡಿದವು.

"ಕೇಳಿಸ್ತಾ ತಮ್ಮಾ?"

"ಕೇಳಿಸ್ತು ಅಕ್ಕಾ," ಎಂದೆ. "ಚೆನ್ನಾಗಿ ಕೇಳಿಸ್ತು."